ಮೂರು ಆಫೀಸು, ನಾಲ್ಕು ನಾಲ್ಕು ವಾರ: ಬೆಂಗಳೂರು, ದೆಹಲಿಯ ನನ್ನ ಲಾ ಇಂಟರ್ನ್‌ಶಿಪ್‌ಗಳು

ಹುಬ್ಬಳ್ಳಿಯಲ್ಲಿ ನಮ್ಮ ಕಾಲೇಜಿನ ಜೂನಿಯರ್‌ಗಳು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ. "ಅಕ್ಕಾ, ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ರ ಛಲೋ? ಬೆಂಗಳೂರಾಗ ಮಾಡ್ಬೇಕೋ, ಸೀದಾ ದಿಲ್ಲಿಗೇ ಹೋಗಬೇಕೋ?" ಪ್ರತಿ ಸಲ ಕಾರಿಡಾರಿನಲ್ಲಿ ನಿಂತು ಅರ್ಧ ಉತ್ತರ ಹೇಳಿ ಬರುತ್ತೇನೆ. ಪೂರ್ತಿ ಉತ್ತರ ಇಲ್ಲಿದೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದ ಪ್ರಕಾರ ಐದು ವರ್ಷದ ಕೋರ್ಸಿನವರು ಒಟ್ಟು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಮೂರು ವರ್ಷದವರಿಗೆ 12 ವಾರ ಸಾಕು. ಯಾವ ವರ್ಷವೂ ನಾಲ್ಕು ವಾರಕ್ಕಿಂತ ಜಾಸ್ತಿ ಒಂದೇ ಸಮನೆ ಮಾಡುವ ಹಾಗಿಲ್ಲ. ವಿಚಾರಣಾ ಕೋರ್ಟಿನ (ಟ್ರಯಲ್) ವಕೀಲರ ಹತ್ತಿರ, ಮೇಲ್ಮನವಿ ನಡೆಸುವ ವಕೀಲರ ಹತ್ತಿರ ಒಂದು ಸಲವಾದರೂ ಇದ್ದು ಬರಬೇಕು. ಅಂದರೆ ಐದು ವರ್ಷದಲ್ಲಿ ನಿಮ್ಮ ಕೈಯಲ್ಲಿರುವುದು ಹೆಚ್ಚುಕಡಿಮೆ ಐದು ಅವಕಾಶ. ನಾನು ಮೊದಲನೆಯದನ್ನು ಊರಿನ ಕಾನೂನು ನೆರವು ಕಚೇರಿಯಲ್ಲಿ ಕಳೆದೆ. ಎರಡನೇ ವರ್ಷ ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಿ ಒಬ್ಬ ಟ್ರಯಲ್ ವಕೀಲರ ಆಫೀಸು. ಮೂರನೇ ವರ್ಷ ಅದೇ ಊರಿನ ಒಂದು ಕಾರ್ಪೊರೇಟ್ ಫರ್ಮ್. ನಾಲ್ಕನೇ ವರ್ಷ ದೆಹಲಿ, ಸುಪ್ರೀಂ ಕೋರ್ಟ್ ವಕೀಲರೊಬ್ಬರ ಛೇಂಬರು. ಹೆಸರು ಯಾವುದನ್ನೂ ಹೇಳುವುದಿಲ್ಲ. ನಾಳೆ ನನಗೂ ಕೆಲಸ ಬೇಕಲ್ವಾ.

ಕೆ.ಜಿ. ರಸ್ತೆಯ ಗುಮಾಸ್ತರು

ನನ್ನ ಮೊದಲ ತಪ್ಪು ತಿಂಗಳಿನದು. ಕಾಲೇಜಿಗೆ ರಜೆ ಸಿಕ್ಕಿತೆಂದು ಮೇ ಎರಡನೇ ವಾರ ಬೆಂಗಳೂರಿಗೆ ಬ್ಯಾಗು ಹೊತ್ತು ಹೋದೆ. ಸಿವಿಲ್ ಕೋರ್ಟುಗಳಿಗೂ ಆಗಲೇ ಬೇಸಿಗೆ ರಜೆ ಇರುತ್ತದೆ ಅನ್ನುವುದು ಎರಡು ವರ್ಷ ಕಾನೂನು ಓದಿದ ಹುಡುಗಿಗೆ ಗೊತ್ತಿರಲಿಲ್ಲ! ಸೀನಿಯರ್ ನಕ್ಕು, "ಬಂದಿದ್ದೀಯಲ್ಲಮ್ಮ, ಕೂತ್ಕೋ" ಅಂದರು. ಎರಡು ವಾರ ಹಳೇ ಫೈಲುಗಳ ಧೂಳು ಒರೆಸಿ ಇಂಡೆಕ್ಸ್ ಬರೆದೆ.

ಆ ಎರಡು ವಾರ ಸುಮ್ನೆ ಹೋಗಲಿಲ್ಲ. ಆಫೀಸಿನ ಗುಮಾಸ್ತರಿಗೂ ಆಗ ಬಿಡುವು. 30 ವರ್ಷದಿಂದ ಫೈಲಿಂಗ್ ಮಾಡುತ್ತಿದ್ದ ಮನುಷ್ಯ. ಒಂದು ದಾವೆಯ ಕಟ್ಟು ಬಿಚ್ಚಿ ತೋರಿಸಿದರು. ದಾವಾ ಪತ್ರ, ಅದರ ಹಿಂದೆ ವೆರಿಫಿಕೇಷನ್, ಅಫಿಡವಿಟ್, ದಾಖಲೆಗಳ ಪಟ್ಟಿ, ವಕಾಲತ್ತು. ವಕಾಲತ್ತಿನ ಮೇಲೆ ವಕೀಲರ ಕಲ್ಯಾಣ ನಿಧಿಯ ಸ್ಟ್ಯಾಂಪು. ಸ್ಟ್ಯಾಂಪು ಇಲ್ಲದಿದ್ದರೆ ಆಬ್ಜೆಕ್ಷನ್, ಪುಟದ ನಂಬರ್ ತಪ್ಪಿದರೆ ಆಬ್ಜೆಕ್ಷನ್, ಜೆರಾಕ್ಸ್ ಮಸುಕಾಗಿದ್ದರೆ ಆಬ್ಜೆಕ್ಷನ್. ನಾನು ನಂಬರ್ ಹಾಕಿದ ಮೊದಲ ಕಟ್ಟಿನಲ್ಲಿ 46 ಆದ ಮೇಲೆ 48 ಬಂದಿತ್ತು. "ನಿಮ್ಮ ಕಾಲೇಜಲ್ಲಿ ಮಗ್ಗಿ ಹೇಳಿಕೊಡಲ್ವೇನಮ್ಮ?" ಅಂದರು. ಆಮೇಲೆ ಎರೇಸರ್ ಕೈಗೆ ಕೊಟ್ಟು, ಆ ಪುಟದಿಂದ ಮುಂದೆ 200 ಪುಟ ಮತ್ತೆ ಹಾಕಿಸಿದರು.

ಒಂದು ದಿನ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಬೌನ್ಸ್ ಆದ ಚೆಕ್ ಹಿಡಿದು ಬಂದರು. ಸೀನಿಯರ್ ಚೆಕ್ ನೋಡಲೇ ಇಲ್ಲ. ಬ್ಯಾಂಕಿನ ಮೆಮೊ ಎತ್ತಿ ನನ್ನ ಮುಂದೆ ಇಟ್ಟು, "ಎಷ್ಟು ದಿನ ಆಯ್ತು, ಎಣಿಸು" ಅಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದೆ. ಇಪ್ಪತ್ತೇಳು. ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ನೋಟಿಸು ಮುಟ್ಟಿದ ಮೇಲೆ ಹಣ ಕಟ್ಟಲು ಎದುರಿನವರಿಗೆ 15 ದಿನ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಇದೆಲ್ಲ ನನಗೆ ಬಾಯಿಪಾಠ ಇತ್ತು, ಚೆಕ್ ಬೌನ್ಸಿನ 138ನೇ ಸೆಕ್ಷನ್ ಪರೀಕ್ಷೆಗೆ ಬಂದೇ ಬರುತ್ತದೆ. ಆದರೆ ಉಳಿದಿರುವುದು ಮೂರೇ ದಿನ, ಅದರಲ್ಲೊಂದು ಭಾನುವಾರ ಅನ್ನುವಾಗ ಹೊಟ್ಟೆಯಲ್ಲಿ ಆಗುವ ಸಂಕಟ ಯಾವ ಗೈಡಿನಲ್ಲೂ ಇಲ್ಲ. ಅಂದೇ ನೋಟಿಸು ಟೈಪ್ ಮಾಡಿ, ಪೋಸ್ಟಾಫೀಸು ಮುಚ್ಚುವ ಮೊದಲು ಓಡಿದೆ.

ಕೋರ್ಟು ಶುರುವಾದ ಮೇಲೆ ಜೀವನವೇ ಬೇರೆ. ವಿಜಯನಗರದ ಪಿಜಿಯಿಂದ ನೇರಳೆ ಮೆಟ್ರೊ ಹಿಡಿದು ಮೆಜೆಸ್ಟಿಕ್ ದಾಟಿ ಸೆಂಟ್ರಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿಯುವುದು. ಅಲ್ಲಿಂದ ಸಿಟಿ ಸಿವಿಲ್ ಕೋರ್ಟಿಗೆ ನಡಿಗೆ. ಬಿಳಿ ಚೂಡಿದಾರದ ಮೇಲೆ ಕಪ್ಪು ಕೋಟು, ಬೆನ್ನೆಲ್ಲ ಬೆವರು. ಅಲ್ಲಿ ಕೋರ್ಟ್ ಹಾಲುಗಳನ್ನು ಎಲ್ಲರೂ ಸಿಸಿಎಚ್ ಇಷ್ಟು, ಅಷ್ಟು ಅಂತ ನಂಬರಿನಲ್ಲೇ ಕರೆಯುತ್ತಾರೆ. ಒಂದೇ ಬೆಳಗ್ಗೆ ನಾಲ್ಕು ಹಾಲು, ಎರಡು ಮಹಡಿ. ಯಾವ ಹಾಲಿನಲ್ಲಿ ಎಷ್ಟನೇ ನಂಬರ್ ನಡೆಯುತ್ತಿದೆ ಎಂದು ನೋಡಿ ಬಂದು ಹೇಳುವುದೇ ಇಂಟರ್ನ್ ಕೆಲಸ.

ಒಂದು ಸಲ ನಮ್ಮ ಕೇಸು ಕೂಗಿಯೇಬಿಟ್ಟರು. ಸೀನಿಯರ್ ಮೇಲಿನ ಮಹಡಿಯಲ್ಲಿ ಪಾಟಿ ಸವಾಲಿನ ಮಧ್ಯೆ ಇದ್ದರು. ಆಫೀಸಿನ ಜೂನಿಯರ್ ವಕೀಲರು, "ನೀನೇ ಎದ್ದು ಸ್ವಲ್ಪ ಟೈಮ್ ಕೇಳು" ಎಂದು ಹೇಳಿ ಎಲ್ಲೋ ಮಾಯವಾಗಿದ್ದರು. ಎದ್ದು ನಿಂತೆ. ಜಡ್ಜ್ ಕನ್ನಡಕದ ಮೇಲಿಂದ ನೋಡಿ, "ಎನ್‌ರೋಲ್ ಆಗಿದೆಯೇನಮ್ಮ?" ಅಂದರು. ಇಲ್ಲ ಸರ್. "ಹಾಗಾದ್ರೆ ಕೂತ್ಕೊಳ್ಳಿ." ಕೂತೆ. ಕಿವಿಯೆಲ್ಲ ಬಿಸಿ. ಸನ್ನದು ಪಡೆದ ವಕೀಲರಲ್ಲದೆ ಬೇರೆಯವರು ಕೋರ್ಟಿನಲ್ಲಿ ಕಕ್ಷಿದಾರರ ಪರ ಮಾತಾಡುವ ಹಾಗಿಲ್ಲ, 1961ರ ವಕೀಲರ ಕಾಯಿದೆ ಹೇಳುವುದೇ ಅದನ್ನು. ಯಾರು ಎಷ್ಟೇ ಒತ್ತಾಯ ಮಾಡಲಿ, ಇಂಟರ್ನ್ ಎದ್ದು ನಿಲ್ಲಬಾರದು. ನಿಮ್ಮನ್ನೂ ಹೀಗೆ ಕಳಿಸುತ್ತಾರೆ, ನೆನಪಿಟ್ಟುಕೊಳ್ಳಿ.

ಎಂ.ಜಿ. ರಸ್ತೆಯ ಎ.ಸಿ.

ಫರ್ಮಿನ ಬಗ್ಗೆ ಹೇಳುವುದು ಕಡಿಮೆ ಇದೆ. ಅಲ್ಲಿ ನಡೆದದ್ದೂ ಕಡಿಮೆ.

ಸೇರುವುದೇ ಕಷ್ಟ. ಟ್ರಯಲ್ ವಕೀಲರ ಆಫೀಸಿಗೆ ನಮ್ಮ ಮೇಷ್ಟರು ಒಂದು ಫೋನ್ ಮಾಡಿದ್ದರು, ಅಷ್ಟೆ. ಇಲ್ಲಿ ಏಳು ತಿಂಗಳ ಮುಂಚೆ ಮೇಲ್ ಹಾಕಿದ್ದೆ. ಮೊದಲ ದಿನ ಗಾಜಿನ ಬಾಗಿಲು, ಐಡಿ ಕಾರ್ಡು, ಕಾಫಿ ಮಷಿನ್ನು. ಲಾಗಿನ್ ಮಾತ್ರ ಇಲ್ಲ. ಮೂರು ದಿನ ಖಾಲಿ ಮೇಜಿನ ಮುಂದೆ ಕೂತು ನನ್ನ ಫೋನಿನಲ್ಲೇ ತೀರ್ಪುಗಳನ್ನು ಓದಿದೆ. ದೊಡ್ಡ ಲಾ ಸ್ಕೂಲುಗಳಿಂದ ಬಂದಿದ್ದ ಇಬ್ಬರಿಗೆ ಮೊದಲ ದಿನವೇ ಕೆಲಸ ಸಿಕ್ಕಿತು. ಅವರ ಸೀನಿಯರ್‌ಗಳು ಅಲ್ಲೇ ಅಸೋಸಿಯೇಟ್ ಆಗಿದ್ದರು. ತಪ್ಪು ಅನ್ನಲಾರೆ. ನಮ್ಮ ಕಾಲೇಜಿನವರೊಬ್ಬರು ಅಲ್ಲಿದ್ದಿದ್ದರೆ ನಾನೂ ಅವರ ಹಿಂದೆಯೇ ಸುತ್ತುತ್ತಿದ್ದೆ.

ನಾಲ್ಕನೇ ದಿನ ಒಂದು ಎಕ್ಸೆಲ್ ಶೀಟ್ ಬಂತು. ಒಂದು ಕಂಪನಿಯ 140 ಬಾಡಿಗೆ ಕರಾರು. ಪ್ರತಿಯೊಂದನ್ನೂ ಓದಿ ಅವಧಿ ಎಷ್ಟು, ಬಾಡಿಗೆ ಎಷ್ಟಕ್ಕೊಮ್ಮೆ ಏರುತ್ತದೆ, ಖಾಲಿ ಮಾಡಿಸಲು ಎಷ್ಟು ದಿನದ ನೋಟಿಸು, ನೋಂದಣಿ ಆಗಿದೆಯಾ ಎಂದು ತುಂಬಬೇಕು. ಉಳಿದ ಮೂರೂವರೆ ವಾರ ಅದೇ. ಬೇಜಾರು ಅಂದರೆ ಬೇಜಾರು. ಆದರೂ ಒಂದು ವಿಷಯ ಅಲ್ಲೇ ತಲೆಗೆ ಹೋಯಿತು. ಬೆಂಗಳೂರಿನ ಮನೆ ಬಾಡಿಗೆ ಕರಾರೆಲ್ಲ ಯಾಕೆ 11 ತಿಂಗಳಿಗೇ ಇರುತ್ತವೆ? ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಲೇಬೇಕು. ಖರ್ಚು, ಓಡಾಟ ಬೇಡವೆಂದು ಜನ 11ಕ್ಕೆ ನಿಲ್ಲಿಸುತ್ತಾರೆ. 140ರಲ್ಲಿ ಮೂರು ವರ್ಷದ್ದಾಗಿಯೂ ನೋಂದಣಿ ಆಗದವು ಒಂಬತ್ತು ಸಿಕ್ಕವು. ಅವನ್ನು ಕೆಂಪು ಬಣ್ಣ ಹಾಕಿ ಕಳಿಸಿದೆ. "ಗುಡ್ ಕ್ಯಾಚ್" ಎಂದು ಎರಡು ಪದದ ಉತ್ತರ ಬಂತು. ನಾಲ್ಕು ವಾರದಲ್ಲಿ ಯಾರಾದರೂ ನನ್ನ ಕೆಲಸದ ಬಗ್ಗೆ ಹೇಳಿದ್ದು ಅಷ್ಟೇ.

ಇಂಗ್ಲಿಷಿನಲ್ಲಿ ಚಿಕ್ಕದಾಗಿ, ಸ್ಪಷ್ಟವಾಗಿ ಮೇಲ್ ಬರೆಯುವುದನ್ನೂ ಅಲ್ಲೇ ಕಲಿತೆ. ಸ್ಟೈಪೆಂಡ್ ಹತ್ತು ಸಾವಿರ, ಹೇಳಿದ ದಿನಕ್ಕೆ ಖಾತೆಗೆ ಬಂತು.

ದೆಹಲಿಯಲ್ಲಿ ಒಂದು ಉತಾರ

ನಲವತ್ತು ಛೇಂಬರುಗಳಿಗೆ ಮೇಲ್ ಹಾಕಿದೆ. ಮೂರು ಉತ್ತರ ಬಂದವು, ಒಂದು 'ಬನ್ನಿ' ಅಂದಿತು. ಜನವರಿಯಲ್ಲಿ ಹುಬ್ಬಳ್ಳಿಯಿಂದ ಸಂಪರ್ಕ ಕ್ರಾಂತಿ ಹತ್ತಿದೆ. ಮಂಜಿನಿಂದಾಗಿ ರೈಲು ನಿಜಾಮುದ್ದೀನ್ ತಲುಪಿದ್ದು ಏಳು ತಾಸು ತಡವಾಗಿ. ಅಮ್ಮ ಒತ್ತಾಯ ಮಾಡಿ ತುರುಕಿದ್ದ ಎರಡನೇ ಸ್ವೆಟರಿನ ಬೆಲೆ ಸ್ಟೇಷನ್ನಿನಲ್ಲೇ ಗೊತ್ತಾಯಿತು.

ಜಂಗ್‌ಪುರದಲ್ಲಿ ಒಂದು ಪಿಜಿ. ಆ ಕಡೆ ಸುಪ್ರೀಂ ಕೋರ್ಟ್ ವಕೀಲರ ಆಫೀಸುಗಳು ತುಂಬಾ ಇವೆ, ಬೇಸ್‌ಮೆಂಟುಗಳಲ್ಲಿ, ಮನೆಗಳ ಮಹಡಿ ಮೇಲೆ. ಕೋರ್ಟಿಗೆ ಹೋಗುವ ದಿನ ಮೆಟ್ರೊದಲ್ಲಿ ಮಂಡಿ ಹೌಸ್ ತನಕ ಬಂದು ನೀಲಿ ಲೈನಿಗೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಸುಪ್ರೀಂ ಕೋರ್ಟ್. ಮೊದಲು ಅದರ ಹೆಸರು ಪ್ರಗತಿ ಮೈದಾನ. ಆ ತಿಂಗಳು ಗಣರಾಜ್ಯೋತ್ಸವದ ರಿಹರ್ಸಲ್ ಬೇರೆ. ಇಂಡಿಯಾ ಗೇಟ್ ಸುತ್ತಲಿನ ರಸ್ತೆ ಯಾವಾಗ ಬಂದ್ ಆಗುತ್ತದೋ ಹೇಳುವ ಹಾಗಿಲ್ಲ. ಆಟೊ ನಂಬಿದವರು ಕೆಟ್ಟರು.

ಸೋಮವಾರ, ಶುಕ್ರವಾರ ಅಲ್ಲಿ ಹೊಸ ಅರ್ಜಿಗಳ ದಿನ. ಕಾರಿಡಾರು ಜಾತ್ರೆಯ ಹಾಗೆ. ಆ ಎರಡು ದಿನ ನಮ್ಮ ಛೇಂಬರಿನ ಇಂಟರ್ನ್‌ಗಳೆಲ್ಲ ಆಫೀಸಿನಲ್ಲೇ. ಉಳಿದ ದಿನ ಪಾಸ್ ಮಾಡಿಸಿಕೊಂಡು ಒಳಗೆ ಹೋದರೆ ಹಿಂದಿನ ಸಾಲಿನಲ್ಲಿ ನಿಂತು ಕೇಳುವುದು. ದೊಡ್ಡ ದೊಡ್ಡ ಸೀನಿಯರ್ ಅಡ್ವೊಕೇಟ್‌ಗಳ ವಾದ ಕೇಳಿದೆ, ನಿಜ. ಅರ್ಧ ಕೇಳಿಸಲಿಲ್ಲ, ಅದೂ ನಿಜ. ವಾದ ಕೇಳುವುದಷ್ಟೇ ಆಸೆಯಾದರೆ ರೈಲು ಹತ್ತಬೇಕಾಗಿಲ್ಲ. ಸಂವಿಧಾನ ಪೀಠದ ವಿಚಾರಣೆಗಳು 2022ರಿಂದ ನೇರ ಪ್ರಸಾರ ಆಗುತ್ತಿವೆ, ನಮ್ಮ ಹೈಕೋರ್ಟಿನದೂ ಯೂಟ್ಯೂಬಿನಲ್ಲಿ ಸಿಗುತ್ತದೆ.

ದೆಹಲಿ ನನಗೆ ದಕ್ಕಿದ್ದು ಆಫೀಸಿನಲ್ಲಿ. ಎರಡನೇ ವಾರ ಕರ್ನಾಟಕದ ಒಂದು ಜಮೀನು ಕೇಸು ಬಂತು. ಹೈಕೋರ್ಟ್ ತೀರ್ಪಿನ ವಿರುದ್ಧ ಎಸ್‌ಎಲ್‌ಪಿ, ಅಂದರೆ ವಿಶೇಷ ಅನುಮತಿ ಅರ್ಜಿ, ಹಾಕಬೇಕು. ಯಾವ ತಾರೀಖಿಗೆ ಏನಾಯಿತು ಎಂಬ ಪಟ್ಟಿ ಬರೆಯುವುದು ಇಂಟರ್ನ್ ಪಾಲಿನ ಕೆಲಸ, ಲಿಸ್ಟ್ ಆಫ್ ಡೇಟ್ಸ್ ಅನ್ನುತ್ತಾರೆ. ಕೆಳ ಕೋರ್ಟಿನ ದಾಖಲೆಗಳು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಸೇರಿಸಬೇಕು. ಅನುವಾದ ಹೊರಗೆ ಯಾರ ಹತ್ತಿರವೋ ಆಗಲೇ ಮಾಡಿಸಿದ್ದರು. ಹರಿಯಾಣ ಕಡೆಯ ಜೂನಿಯರ್ ಒಬ್ಬರು ಅದನ್ನು ನೋಡಿ ಅರ್ಜಿ ಬರೆಯುತ್ತಿದ್ದರು. "ನಿಮ್ಮ ಭಾಷೆ ತಾನೆ, ಒಂದು ಸಲ ಕಣ್ಣಾಡಿಸಿ" ಎಂದು ನನ್ನ ಕೈಗೆ ಕೊಟ್ಟರು.

ತೆಗೆದು ನೋಡಿದರೆ ಪಹಣಿ. ನಮ್ಮ ಕಡೆ ಅದಕ್ಕೆ ಉತಾರ ಅನ್ನುತ್ತೇವೆ. ನಮ್ಮಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಡುವ ಕಾಗದ. ಸಾಲ ನವೀಕರಣಕ್ಕೆ, ಬೆಳೆ ವಿಮೆಗೆ ಅಂತ ಎಷ್ಟು ಸಲ ಅದನ್ನು ತೆಗೆಸಲು ನಾಡಕಚೇರಿಗೆ ಹೋಗಿಲ್ಲ ನಾನು! ವಿಸ್ತೀರ್ಣದ ಜಾಗದಲ್ಲಿ 2.20.00 ಎಂದಿತ್ತು. (ಅಂಕಿ ಸ್ವಲ್ಪ ಬದಲಿಸಿದ್ದೇನೆ, ಕೇಸು ಬೇರೆಯವರದು.) ಅನುವಾದದಲ್ಲಿ '2.20 ಎಕರೆ' ಎಂದು ಬರೆದಿದ್ದರು. ಅರ್ಜಿಯಲ್ಲೂ ಹಾಗೇ ಇಳಿದಿತ್ತು.

ಅದು ದಶಮಾಂಶ ಅಲ್ಲ. ಎಕರೆ, ಗುಂಟೆ, ಆಣೆ. 40 ಗುಂಟೆಗೆ ಒಂದು ಎಕರೆ. ಅಂದರೆ ಜಮೀನು ಎರಡೂವರೆ ಎಕರೆ. ಅರ್ಜಿಯಲ್ಲಿ 12 ಗುಂಟೆ ಗಾಳಿಯಲ್ಲಿ ಹಾರಿಹೋಗಿತ್ತು.

ಎದ್ದು ಹೋಗಿ ಜೂನಿಯರಿಗೆ ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. "ಚುಕ್ಕೆ ಇದೆಯಲ್ಲ" ಅಂದರು. ಗುಂಟೆ ಎಂದು ಬರೆದು ತೋರಿಸಿದೆ. ಒಂದು ಕ್ಷಣ ನೋಡಿ ನಕ್ಕುಬಿಟ್ಟರು. "ಅರೆ, ನಮ್ಮ ಕನಾಲ್ ಮರ್ಲಾ ಥರ!" ಅವರ ಊರಿನಲ್ಲಿ 20 ಮರ್ಲಾಕ್ಕೆ ಒಂದು ಕನಾಲ್, 8 ಕನಾಲ್‌ಗೆ ಒಂದು ಎಕರೆಯಂತೆ. ಅವರದ್ದೂ ಹೊಲ ಮಾಡುವ ಮನೆ. ಅಲ್ಲಿಂದ ಇಬ್ಬರೂ ಕೂತು ಇಡೀ ಅನುವಾದ ಜಾಲಾಡಿದೆವು. 'ಫುಟ್ ಖರಾಬು' ಎಂಬುದನ್ನು ಕೆಟ್ಟ ನೆಲ ಎಂದು ಬರೆದು ಬಿಟ್ಟಿದ್ದರು. ಅದರಲ್ಲಿ ಅ ಮತ್ತು ಬ ಎಂದು ಎರಡು ಬಗೆ. ಅ ಖರಾಬು ಸಾಗುವಳಿಗೆ ಬಾರದ ಕಲ್ಲುನೆಲ, ಆದರೆ ಹಿಡುವಳಿದಾರನದೇ. ಬ ಖರಾಬು ಬಂಡಿದಾರಿ, ಹಳ್ಳದಂಥ ಸಾರ್ವಜನಿಕರ ಜಾಗ. ಕೇಸಿನ ಜಗಳವೇ ಒಂದು ಬಂಡಿದಾರಿಯದು! ಆ ಎರಡು ಅಕ್ಷರ ಬಿಟ್ಟರೆ ವಾದ ನಿಲ್ಲುವುದಾದರೂ ಎಲ್ಲಿ?

ಸಂಜೆ ಛೇಂಬರಿನ ಸರ್ ಕರೆದು ಒಂದು ತಾಸು ಕೂರಿಸಿಕೊಂಡು ಪಹಣಿಯ ಕಾಲಂ ಒಂದೊಂದಾಗಿ ಕೇಳಿದರು. 9ರಲ್ಲಿ ಯಾರ ಹೆಸರು, 11ರಲ್ಲಿ ಏನು, 12ರಲ್ಲಿ ಯಾಕೆ ಬೇರೆ ಹೆಸರು. ಉಳಿದ ಎರಡು ವಾರ ಕರ್ನಾಟಕದ ಫೈಲುಗಳೆಲ್ಲ ನನ್ನ ಮೇಜಿಗೆ ಬಂದವು. ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆಯ ಕಟ್ಟು ಬಿಚ್ಚಿ ನೋಡಿದ್ದರಿಂದ ಯಾವ ಕಾಗದ ಯಾಕೆ ಇದೆ ಎಂದು ಗೊತ್ತಾಗುತ್ತಿತ್ತು. ಅಲ್ಲಿ ಪುಟದ ನಂಬರ್ ಹಾಕದೆ ಸೀದಾ ದೆಹಲಿಗೆ ಹೋಗಿದ್ದರೆ ಆ 600 ಪುಟದ ಕಟ್ಟು ನನಗೆ ಬರೀ ರದ್ದಿ.

ದುಡ್ಡು, ಮತ್ತೆ ಉಳಿದದ್ದು

ಬೆಂಗಳೂರಿನ ಪಿಜಿಗೆ ತಿಂಗಳಿಗೆ ಎಂಟೂವರೆ ಸಾವಿರ, ದೆಹಲಿಯಲ್ಲಿ ಹನ್ನೊಂದು. ಟ್ರಯಲ್ ಆಫೀಸಿನಲ್ಲಿ ಸ್ಟೈಪೆಂಡ್ ಇರಲಿಲ್ಲ. ಮಧ್ಯಾಹ್ನದ ಊಟ, ಎರಡು ಸಲ ಕಾಫಿ, ಕೊನೆಯ ದಿನ ಒಂದು ಕವರಿನಲ್ಲಿ ಎರಡು ಸಾವಿರ. ದೆಹಲಿಯಲ್ಲಿ ಅದೂ ಇಲ್ಲ. ರೈಲು, ಪಿಜಿ, ಊಟ ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ಅಪ್ಪನ ಜೇಬಿನಿಂದ ಹೋಯಿತು. ಭಾನುವಾರ ಬಾಯಿ ಕೆಟ್ಟಾಗ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಡೆ ಹೋಗಿ ದೋಸೆ ತಿಂದದ್ದೂ ಆ ಲೆಕ್ಕದಲ್ಲೇ ಇದೆ. ಈ ಖರ್ಚು ಮನೆಗೆ ಭಾರವಾಗುವುದಾದರೆ ದೆಹಲಿ ಬಿಟ್ಟುಬಿಡಿ. ಸಾಲ ಮಾಡಿ ಹೋಗುವಂಥದ್ದು ಅಲ್ಲಿ ಏನೂ ಇಲ್ಲ.

ಹಾಗೆ ನೋಡಿದರೆ ಟ್ರಯಲ್ ಕೆಲಸಕ್ಕೆ ಬೆಂಗಳೂರೂ ಬೇಕಾಗಿಲ್ಲ. ಹುಬ್ಬಳ್ಳಿ, ಗದಗ, ಬಾಗಲಕೋಟೆ, ಎಲ್ಲಿಯ ಕೋರ್ಟಾದರೂ ಕಟ್ಟು ಕಟ್ಟುವುದನ್ನು ಕಲಿಸುತ್ತದೆ. ಧಾರವಾಡದಲ್ಲಿ 2008ರಿಂದ ಹೈಕೋರ್ಟ್ ಪೀಠವೂ ಇದೆ, 2013ರಲ್ಲಿ ಅದು ಕಾಯಂ ಆಯಿತು. ಮೇಲ್ಮನವಿ ವಕೀಲರನ್ನು ಹುಡುಕಿಕೊಂಡು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ರಾಜಧಾನಿಗೆ ಹೋಗಲೇಬೇಕಾದದ್ದು ಎರಡಕ್ಕೆ: ದೊಡ್ಡ ಫರ್ಮಿಗೆ, ಸುಪ್ರೀಂ ಕೋರ್ಟಿಗೆ.

ನನ್ನ ಮಟ್ಟಿಗೆ ಟ್ರಯಲ್ ಆಫೀಸು ಮೊದಲು, ದೆಹಲಿ ಎರಡನೆಯದು, ಫರ್ಮ್ ಕೊನೆಗೆ. ನಾನು ಕೋರ್ಟಿಗೇ ಹೋಗುವವಳು, ಅದಕ್ಕೆ ಹೀಗೆ. ನನ್ನ ರೂಮ್‌ಮೇಟಿಗೆ ಕಂಪನಿ ಕೆಲಸವೇ ಬೇಕಿತ್ತು. ಅವಳು ಒಂದೇ ಫರ್ಮಿಗೆ ಎರಡು ವರ್ಷ ಹೋದಳು, ಎರಡನೇ ಸಲ ಅವಳಿಗೆ ಮೊದಲ ದಿನವೇ ಲಾಗಿನ್ ಸಿಕ್ಕಿತು. ಫರ್ಮಿನ ದಾರಿ ಹಿಡಿಯುವವರು ಹಾಗೇ ಮಾಡಬೇಕು, ನನ್ನ ಥರ ಒಂದು ಸಲ ಇಣುಕಿ ಬಂದರೆ ಪ್ರಯೋಜನ ಇಲ್ಲ. ಆದರೆ ಎರಡನೇ ವರ್ಷದಲ್ಲೇ ಸೀದಾ ದೆಹಲಿಗೆ ಹೊರಡುತ್ತೇನೆ ಅನ್ನುವವರಿಗೆ ಮಾತ್ರ ಬೇಡ ಅನ್ನುತ್ತೇನೆ. ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ.

ಈಗ ನನಗೆ ನಾಲ್ಕು ವಾರ ಬಾಕಿ. ಕೆ.ಜಿ. ರಸ್ತೆಯ ಆಫೀಸಿಗೇ ವಾಪಸ್ ಹೋಗುತ್ತಿದ್ದೇನೆ. ನಾನು ಮೊದಲು ಹೋದಾಗ ಮೋಸದ ಕೇಸು ಅಂದರೆ ಹಳೇ ದಂಡ ಸಂಹಿತೆಯ 420. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಬಂದು ಅದು 318(4) ಆಗಿದೆ, ಹಳೇ ಕೇಸುಗಳು ಮಾತ್ರ ಹಳೇ ನಂಬರಿನಲ್ಲೇ ನಡೆಯುತ್ತಿವೆ. ಎರಡೂ ಒಟ್ಟಿಗೆ ನೋಡಲು ಸಿಗುವುದು ಟ್ರಯಲ್ ಕೋರ್ಟಿನಲ್ಲೇ. ಗುಮಾಸ್ತರಿಗೆ ಫೋನ್ ಮಾಡಿ, "ಅಣ್ಣಾ, ಯಾವಾಗ ಬರಲಿ?" ಅಂದೆ. "ಮೇನಲ್ಲಿ ಮಾತ್ರ ಬರಬೇಡಮ್ಮ" ಎಂದು ನಕ್ಕರು. ಆಮೇಲೆ, ರಜೆ ಮುಗಿದು ಕೋರ್ಟು ತೆರೆಯುವ ದಿನವೇ ಬಾ ಅಂದರು. ರಜೆಯಲ್ಲಿ ವಾಯಿದೆ ಮುಗಿದ ದಾವೆಗಳನ್ನೆಲ್ಲ ಬಾಗಿಲು ತೆಗೆದ ದಿನವೇ ಹಾಕಬೇಕು, ಫೈಲಿಂಗ್ ಕೌಂಟರಿನ ಮುಂದೆ ಸಾಲು ಬೀದಿ ತನಕ ಬಂದಿರುತ್ತದಂತೆ. ಬೆಳಗ್ಗೆ ಒಂಬತ್ತಕ್ಕೆಲ್ಲ ಬಂದು ಸಾಲಿನಲ್ಲಿ ನಿಲ್ಲಲು ಒಬ್ಬರು ಬೇಕಂತೆ.